ಫೈಟರ್ 240 ಪೌಂಡ್ ಹೊತ್ರೂ ಓಡ್ತಾನ, ಇದು ಹೆಂಗ? ಸಾಮಾನು, ಚೀಲ, ಹೇಸರಗತ್ತೆ ಲೆಕ್ಕ ಹೆಂಗ ಇಡ್ತೀರಿ?

ತೊರವಿ_ದಾಳ
ನಮಸ್ಕಾರ್ರಿ ಎಲ್ಲಾರಿಗೂ. ವಿಜಯಪುರದಾಗ ನಮ್ಮ ಟೇಬಲ್ ನಡೀತದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದು ಪಾತ್ರ ಆಗಿ, ದಾಳ ಹಾಕಿ ಕಥಿ ಕಟ್ಟೂ ಆಟ) 5ನೇ ಆವೃತ್ತಿ, 2014ರ ನಿಯಮ. ಪಾರ್ಟಿ (ಆಟದ ತಂಡ) ನಾಲ್ಕು ಮಂದಿ: ಫೈಟರ್ (ಯೋಧ) ಸ್ಟ್ರೆಂತ್ (ಬಲದ ಅಂಕಿ) 16, ವಿಝರ್ಡ್ (ಮಂತ್ರವಾದಿ) ಸ್ಟ್ರೆಂತ್ 8, ಜೊತಿಗೆ ಕ್ಲೆರಿಕ್ (ಮಂತ್ರ ಹಾಕೂ ಪೂಜಾರಿ), ರೋಗ್ (ಕಳ್ಳ). ಮುಂದ ಮೂರು ದಿನ ನೀರಿಲ್ಲದ ಎರಿಭೂಮಿ ದಾಟಿ ನೆಲದೊಳಗಿನ ಒಂದು ಹಾಳು ಗುಡಿಗೆ ಹೋಗೂದು. ಡೋಣಿ ಸಾಲಿನ ಏಪ್ರಿಲ್ ಬಿಸಿಲು ಅಂತ ತಿಳೀರಿ.

ತೊಂದ್ರಿ ಏನಂದ್ರ, ಮೂಲ ನಿಯಮದಾಗ ಯಾರಿಗೂ ಭಾರ ಆಗೂದೇ ಇಲ್ಲ. ವೇರಿಯಂಟ್ ನಿಯಮ (ಬೇಕಾದ್ರ ಹಚ್ಚೂ ಬಿಗಿ ನಿಯಮ) ಹಚ್ಚಿದ್ರ ಎಲ್ಲಾರೂ ಆಮಿ ನಡಿಗಿ, ಮ್ಯಾಲ ಕ್ಯಾಲ್ಕ್ಯುಲೇಟರ್ ಹಿಡಕೊಂಡು ಕೂಡೂದು. ಹೋಗೂ ದಾರಿಯ ಕಷ್ಟ ಆಟದಾಗ ಕಾಣಬೇಕು, ಆದ್ರ ಆಟ ನಿಲ್ಲಬಾರದು. ಏನ್ ಮಾಡೂದ್ರಿ?

ನಿಯಮಪುಸ್ತಕ
ಮೊದಲು ಅಂಕಿ ಸರಿಯಾಗಿ ಇಟ್ಟುಕೊಳ್ಳೋಣ. ಮೂಲ ನಿಯಮ: ಹೊರುವ ಮಿತಿ ಸ್ಟ್ರೆಂತ್ × 15 ಪೌಂಡ್. ನಿಮ್ಮ ಫೈಟರ್‌ಗೆ 240, ವಿಝರ್ಡ್‌ಗೆ 120. ತಳ್ಳಲು, ಎಳೆಯಲು, ಎತ್ತಲು ಅದರ ಎರಡರಷ್ಟು. ಆದರೆ ಹೊರುವ ಮಿತಿ ಮೀರಿದ್ದನ್ನು ಎಳೆಯುವಾಗ ವೇಗ ಒಂದು ಸರದಿಗೆ 5 ಅಡಿ ಮಾತ್ರ.

ವೇರಿಯಂಟ್: ಸ್ಟ್ರೆಂತ್ × 5 ದಾಟಿದರೆ ವೇಗ 10 ಅಡಿ ಕಡಿಮೆ. ಸ್ಟ್ರೆಂತ್ × 10 ದಾಟಿದರೆ 20 ಅಡಿ ಕಡಿಮೆ, ಜೊತೆಗೆ ಸ್ಟ್ರೆಂತ್, ಡೆಕ್ಸ್ಟೆರಿಟಿ (ಚುರುಕು), ದೇಹದ ತಾಳಿಕೆ ಎನ್ನುವ ಕಾನ್‌ಸ್ಟಿಟ್ಯೂಷನ್ ಬಳಸುವ ಚೆಕ್ (ಕೆಲಸ ಆಯಿತೇ ಎಂದು ನೋಡುವ ದಾಳ), ದಾಳಿ, ಸೇವ್ (ಅಪಾಯ ತಪ್ಪಿಸಲು ಹಾಕುವ ದಾಳ) ಎಲ್ಲದಕ್ಕೂ ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯುವ ಡಿಸ್‌ಅಡ್ವಾಂಟೇಜ್. ವೇರಿಯಂಟ್ ಬಳಸುವಾಗ ರಕ್ಷಾಕವಚದ ಪಟ್ಟಿಯಲ್ಲಿರುವ ಸ್ಟ್ರೆಂತ್ ಕಾಲಂ ಬಿಟ್ಟುಬಿಡಬೇಕು. ಬಹಳ ಟೇಬಲ್‌ಗಳಲ್ಲಿ ಎರಡನ್ನೂ ಹಾಕಿ ಒಂದೇ ಭಾರಕ್ಕೆ ಎರಡು ಸಲ ದಂಡ ಹಾಕುತ್ತಾರೆ.

ಕುಂದಾ_ಖಡ್ಗ
ಬಿಟ್ಟಬಿಡ್ರಿ ಅಣ್ಣಾರ. ಬೆಳಗಾವಿಯಾಗ ನಾವು ಯಾರೂ ತೂಕ ಬರಿಯೂದಿಲ್ಲ. ಅತಿರೇಕ ಆದಾಗ ಡಿಎಂ (ಡಂಜನ್ ಮಾಸ್ಟರ್, ಆಟ ನಡ್ಸಾವ) "ಆಗೂದಿಲ್ಲ" ಅಂತಾನ, ಮುಗೀತು.

ಘಟಪ್ರಭಾ_ಡಿಎಂ
@ಕುಂದಾ_ಖಡ್ಗ ಕೋಟಿಯೊಳಗ ರಾಜಕೀಯ ನಡ್ಸೂ ಕಥಿಗೆ ಅದು ಸಾಕ್ರಿ. ಇವರದು ಮೂರು ದಿನದ ಬಯಲು. ಅಲ್ಲಿ ಸಾಮಾನ ಕಥಿ ಐತಿ. ತೂಕ ಬಿಟ್ರ ಆ ಮೂರು ದಿನ "ನಡದ್ರಿ, ಮುಟ್ಟಿದ್ರಿ" ಅನ್ನೂ ಒಂದು ಸಾಲಿನಾಗ ಹೋಕ್ಕಾವು.

@ತೊರವಿ_ದಾಳ ಒಟ್ಟು ತೂಕ ಬಿಡ್ರಿ, ಯಾವುದು ಎಲ್ಲಿ ಐತಿ ಅನ್ನೂದು ಹಿಡೀರಿ. ಎಲ್ಲಾರೂ ತೊಗೊಳ್ಳೂ ಎಕ್ಸ್‌ಪ್ಲೋರರ್ಸ್ ಪ್ಯಾಕ್ ಬಿಚ್ಚಿ ನೋಡ್ರಿ: ಬ್ಯಾಕ್‌ಪ್ಯಾಕ್ 5, ಹಾಸಿಗಿ ಸುರುಳಿ 7, ಊಟದ ಡಬ್ಬಿ 1, ಚಕಮಕಿ 1, 10 ಪಂಜು 10, 10 ದಿನದ ಬುತ್ತಿ 20, ನೀರಿನ ತೊಗಲಚೀಲ 5, 50 ಅಡಿ ಸೆಣಬಿನ ಹಗ್ಗ 10. ಒಟ್ಟು 59 ಪೌಂಡ್, ನಮ್ಮ ಲೆಕ್ಕದಾಗ ಹತ್ತಿರತ್ತಿರ 27 ಕೆಜಿ. ಆದ್ರ ಬ್ಯಾಕ್‌ಪ್ಯಾಕಿನ ಒಳಗ ಹಿಡಿಯೂದು 30 ಪೌಂಡ್ ಅಥವಾ 1 ಘನ ಅಡಿ. ಹಾಸಿಗಿ, ಹಗ್ಗ, ತೊಗಲಚೀಲ ಹೊರಗ ಕಟ್ಟಿದ್ರೂ ಒಳಗ ಉಳಿಯೂದು 32. ಅಂಗಡಿಯಿಂದ ತಂದ ಕೂಡಲೇ ಚೀಲ 2 ಪೌಂಡ್ ಮೀರಿರ್ತೈತಿ! ಎರಡು ಪಂಜು ಸೊಂಟಕ್ಕ ಸಿಗಸಬೇಕು. ಇದನ್ನ ಮೊದಲನೇ ದಿನಾನ ಆಟಗಾರರ ಕಡಿಂದ ಮಾಡಸ್ರಿ. ಹೊರಗ ಏನೈತಿ, ಒಳಗ ಏನೈತಿ ಅಂತ ಆವಾಗ ಅವ್ರು ತಾವಾ ಯೋಚನಿ ಮಾಡ್ತಾರ.

ಫೈಟರ್ ನೋಡ್ರಿ. ಚೈನ್‌ಮೇಲ್ 55, ಢಾಲು 6, ಲಾಂಗ್‌ಸೋರ್ಡ್ 3. ಇಷ್ಟಕ್ಕ 64. ಅವನ ಮೊದಲ ಗೆರಿ 80. ಪ್ಯಾಕ್ ಬೆನ್ನ ಮ್ಯಾಲ ಬಂತಂದ್ರ 123, ವೇಗ 30ರಿಂದ 20. ಜಗಳ ಸುರು ಆದ ಕೂಡಲೇ ಪ್ಯಾಕ್ ನೆಲಕ್ಕ ಒಗದ್ರ ಮತ್ತ 64, ಪೂರಾ ವೇಗ. ಇದು ಶಿಕ್ಷಾ ಅಲ್ರಿ, ಇದು ಒಂದು ನಿರ್ಧಾರ. ಯಾಕಂದ್ರ ಸೋತು ಓಡೂ ಪ್ರಸಂಗ ಬಂದ್ರ ಪಂಜು, ಬುತ್ತಿ, ಹಗ್ಗ ಎಲ್ಲಾ ಅಲ್ಲೇ ಉಳೀತಾವು.

ಅಗಸ್ತ್ಯತೀರ್ಥ
ಇದಕ್ಕ ನನ್ನ ಪೂರಾ ಒಪ್ಪಿಗಿ. ಒಂದು ಮಾತು ಸೇರಸ್ತೀನಿ: ಹೊರಗ ಕಟ್ಟಿದ್ದಕ್ಕೂ ಬೆಲಿ ಇರಬೇಕು. ಬಾದಾಮಿ ಗುಡ್ಡದಂಥ ಮರಳುಗಲ್ಲಿನ ಸಂದಿಯೊಳಗ ತೂರೂವಾಗ ಹಾಸಿಗಿ ಸುರುಳಿ ಸಿಗಬೀಳತೈತಿ. ಮಳಿ ಬಂದ್ರ ಹೊರಗಿನ ಪಂಜು ಮೊದಲು ತೊಯ್ತಾವು. ತೊಗಲಚೀಲಕ್ಕ ಬಾಣ ತಾಕಬಹುದು. ಒಳಗಿದ್ದದ್ದಕ್ಕ ಈ ಅಪಾಯ ಇಲ್ಲ, ಆದ್ರ ಹುಡುಕಾಕ ಹೊತ್ತು ಬೇಕು. ಈ ಎರಡರ ನಡುವಿನ ಎಳದಾಟಾನ ಚೀಲದ ಆಟ.

ಸ್ಲಾಟ್_ಪಕ್ಷ
ಕ್ಯಾಲ್ಕ್ಯುಲೇಟರ್ ಬೇಡಾಗಿದ್ರ ವೇರಿಯಂಟ್ ನಿಯಮಾನ ಸ್ಲಾಟ್ ಮಾಡಿಬಿಡ್ರಿ. 1 ಸ್ಲಾಟ್ ಅಂದ್ರ 5 ಪೌಂಡ್. ಸ್ಟ್ರೆಂತ್ ಎಷ್ಟೋ ಅಷ್ಟು ಸ್ಲಾಟ್ ತನಕ ಆರಾಮ. ಅದರ ಎರಡರಷ್ಟು ತನಕ ವೇಗ 10 ಕಮ್ಮಿ. ಮೂರರಷ್ಟು ತನಕ 20 ಕಮ್ಮಿ ಮತ್ತ ಡಿಸ್‌ಅಡ್ವಾಂಟೇಜ್. ಅದರ ಮ್ಯಾಲ ಹೊರಾಕ ಬರೂದಿಲ್ಲ. 5, 10, 15ರ ಲೆಕ್ಕ ಅದೇ ಐತಿ, ಹೊಸ ನಿಯಮ ಏನೂ ಕಲೀಬೇಕಾಗಿಲ್ಲ.

ತೂಕ ಹತ್ತಿರದ ಐದಕ್ಕ ತಿರುಗಸ್ರಿ. ಚೈನ್‌ಮೇಲ್ 11, ಪ್ಲೇಟ್ ಕವಚ 65 ಪೌಂಡ್ ಅಂದ್ರ 13, ಢಾಲು 1, ಖಡ್ಗ 1, ಹಗ್ಗ 2, 5 ಪಂಜು 1, 5 ದಿನದ ಬುತ್ತಿ 2, ತುಂಬಿದ ತೊಗಲಚೀಲ 1. ಸಣ್ಣಪುಟ್ಟ ಸಾಮಾನು ಐದು ಪೌಂಡ್ ಗಂಟು ಆಗೂ ತನಕ ಲೆಕ್ಕಕ್ಕಿಲ್ಲ. ಫೈಟರ್‌ಗ ಕವಚ, ಆಯುಧ 13, ಪ್ಯಾಕ್ 11. ಒಟ್ಟು 24. ಹದಿನಾರು ದಾಟಿದಾನ, 32 ದಾಟಿಲ್ಲ, ಅಂದ್ರ 10 ಅಡಿ ಕಮ್ಮಿ. ಘಟಪ್ರಭಾ ಅವ್ರ ಪೌಂಡ್ ಲೆಕ್ಕಕ್ಕೂ ಅದೇ ಉತ್ತರ ಬಂತು ನೋಡ್ರಿ.

ತೊರವಿ_ದಾಳ
ಇದು ಚಲೋ ಅದ. ನಾಣ್ಯಕ್ಕ ಏನ್ರಿ? ಮತ್ತ ನಮ್ಮ ವಿಝರ್ಡ್ ಎಂಟು ಸ್ಲಾಟಿನಾಗ ಹೆಂಗ ಬದುಕಬೇಕು?

ಸ್ಲಾಟ್_ಪಕ್ಷ
50 ನಾಣ್ಯಕ್ಕ 1 ಪೌಂಡ್, ಹಂಗಾಗಿ 250 ನಾಣ್ಯಕ್ಕ ಒಂದು ಸ್ಲಾಟ್. ಬಂಗಾರ ಇರ್ಲಿ ತಾಮ್ರ ಇರ್ಲಿ ತೂಕ ಒಂದೇ. ಅದಕ್ಕ ತಾಮ್ರದ ರಾಶಿ ಬಿಟ್ಟು ಬರೂ ನಿರ್ಧಾರ ಆಟಗಾರರೇ ಮಾಡ್ತಾರ.

ಘಟಪ್ರಭಾ_ಡಿಎಂ
ವಿಝರ್ಡ್‌ಂದು ಪೌಂಡಿನಾಗ ಹೇಳ್ತೀನಿ, ಚಂದ ಕೂಡತೈತಿ. ಕೋಲು 4, ಮಂತ್ರದ ಪುಸ್ತಕ 3, ಕಾಂಪೊನೆಂಟ್ ಪೌಚ್ (ಮಂತ್ರದ ಸಾಮಗ್ರಿ ಚೀಲ) 2, ಬಾಕು 1. ಹತ್ತು ಪೌಂಡ್. ಪ್ಯಾಕ್ 59 ಸೇರಿದ್ರ 69, ಅವನ ಗೆರಿ 40. ಈಗ ಹಗ್ಗ 10, ಬುತ್ತಿ 20 ತಗದು ಹೇಸರಗತ್ತೆ ಮ್ಯಾಲ ಹಾಕ್ರಿ: 39. ಗೆರಿ ದಾಟಲಿಲ್ಲ. ಇನ್ನ 50 ನಾಣ್ಯ ಹೊತ್ತರ ಸರೀ 40, ಅದೂ ನಡೀತೈತಿ, ಯಾಕಂದ್ರ ನಿಯಮ "ಮೀರಿದ್ರ" ಅಂತೈತಿ. ಐವತ್ತರ ಮ್ಯಾಲ ಒಂದು ನಾಣ್ಯ ಜಾಸ್ತಿ ಆದ್ರ 20 ಅಡಿ ವೇಗ. ಆದ್ರ ಹೇಸರಗತ್ತೆ ತಪ್ಪಿಸಿಕೊಂಡ್ರ ವಿಝರ್ಡ್ ಉಪವಾಸ. ಅದನ್ನ ನೆನಪಿಟ್ಟ ಹಂಚಬೇಕು. ಒಂದು ದಿನದ ಬುತ್ತಿ 2 ಪೌಂಡ್ ಯಾವಾಗ್ಲೂ ಮೈಮ್ಯಾಲ ಇರ್ಲಿ, ಅದಕ್ಕ ಎರಡು ಪಂಜು ಬಿಡ್ರಿ.

ಇಳಕಲ್_ದಡಿ
ಎಲ್ಲಾರೂ ಕವಚ, ಹಗ್ಗ ಅಂತ ಮಾತಾಡಾಕತ್ತೀರಿ, ನೀರು ಯಾರೂ ಎತ್ತವಲ್ರಿ!! ಆ ಬಯಲಿನಾಗ ಕೊಲ್ಲೂದು ನೀರು.

ನಿಯಮ: ದಿನಕ್ಕ ಒಬ್ಬರಿಗೆ 1 ಗ್ಯಾಲನ್, ಬಿಸಿಲಿದ್ರ 2. ತೊಗಲಚೀಲ ಹಿಡಿಯೂದು 4 ಪೈಂಟ್, ಅಂದ್ರ ಅರ್ಧ ಗ್ಯಾಲನ್, ಎರಡು ಲೀಟರಿಗೆ ಸ್ವಲ್ಪ ಕಮ್ಮಿ. ಒಬ್ಬ ಮನುಷ್ಯಾಗ ಒಂದು ಬಿಸಿಲ ದಿನಕ್ಕ ನಾಲ್ಕು ಚೀಲ ಬೇಕು, ಪ್ಯಾಕಿನಾಗ ಇರೂದು ಒಂದೇ. ಅರ್ಧ ಪ್ರಮಾಣ ಕುಡದ್ರ ಡಿಸಿ 15 (ಗೆಲ್ಲಾಕ ಒಟ್ಟು 15 ಬೇಕು) ಕಾನ್‌ಸ್ಟಿಟ್ಯೂಷನ್ ಸೇವ್, ಸೋತ್ರ ಒಂದು ಮಟ್ಟದ ಎಕ್ಸಾಷನ್ (ದಣಿವು). ಅರ್ಧಕ್ಕಿಂತ ಕಮ್ಮಿ ಆದ್ರ ಸೇವೂ ಇಲ್ಲ, ನೇರ ಎಕ್ಸಾಷನ್.

ನಾಲ್ಕು ಮಂದಿ, ಮೂರು ದಿನ: 24 ಗ್ಯಾಲನ್. ಹೇಸರಗತ್ತೆ ಈ ಆಟದಾಗ ಮೀಡಿಯಂ ಗಾತ್ರ, ಅದಕ್ಕೂ ಮನುಷ್ಯಾರಷ್ಟೇ ನೀರು: 6 ಗ್ಯಾಲನ್. ಒಟ್ಟು 30. ತೊಗಲಚೀಲ 60, ತೂಕ 300 ಪೌಂಡ್, ಬೆಲಿ ಚೀಲಕ್ಕ 2 ಬೆಳ್ಳಿ ನಾಣ್ಯದಂಗ 12 ಬಂಗಾರದ ನಾಣ್ಯ. ಹೇಸರಗತ್ತೆ 8 ಬಂಗಾರ. ಅಂದ್ರ ನೀರಿನ ಚೀಲದ ರೊಕ್ಕ ಹೇಸರಗತ್ತೆಗಿಂತ ಜಾಸ್ತಿ ಬಂತು.

ಕುಂದಾ_ಖಡ್ಗ
ಒಂದು ಪೀಪಾಯಿ ತೊಗೊಂಡ್ರ ಆತಲ್ಲ? 40 ಗ್ಯಾಲನ್ ಹಿಡೀತೈತಿ.

ಇಳಕಲ್_ದಡಿ
ಪೀಪಾಯಿ ಖಾಲಿನೇ 70 ಪೌಂಡ್. 30 ಗ್ಯಾಲನ್ ನೀರು 250. ಒಟ್ಟು 320, ಚೀಲಕ್ಕಿಂತ ಭಾರ ಆತು. ಮತ್ತ ಒಂದೇ ಪೀಪಾಯಿ ಹೇಸರಗತ್ತೆ ಬೆನ್ನ ಮ್ಯಾಲ ಕೂಡಂಗಿಲ್ಲ. ಹೇರು ಅಂದ್ರ ಎರಡೂ ಮಗ್ಗಲ ಸಮ ಇರಬೇಕು. ನಮ್ಮ ಕಡೆ ಹಸಬಿ ಚೀಲ ಹೊಲಿಯೂದು ಅದಕ್ಕೇ, ಲಂಬಾಣ್ಯಾರು ಎತ್ತಿನ ಮ್ಯಾಲ ಉಪ್ಪು, ಕಾಳು ಹೇರತಿದ್ದದ್ದೂ ಹಂಗೇ. ಎಡಕ್ಕ 30 ಚೀಲ, ಬಲಕ್ಕ 30 ಚೀಲ. ಕುಡಿಯೂವಾಗ ಒಂದು ಎಡದ್ದು, ಒಂದು ಬಲದ್ದು ತಗೀಬೇಕು. ಪೀಪಾಯಿ ಒಡದ್ರ ಎಲ್ಲಾ ಹೋತು, ಚೀಲ ಹರದ್ರ ಅರ್ಧ ಗ್ಯಾಲನ್ ಹೋತು. ಪೀಪಾಯಿ ಬೇಕಂದ್ರ ಚಕ್ಕಡಿ ಬೇಕು.

ನಿಯಮಪುಸ್ತಕ
ಹೇಸರಗತ್ತೆಯ ಮಿತಿ 420 ಪೌಂಡ್: ಸ್ಟ್ರೆಂತ್ 14 × 15, ಹೊರುವ ವಿಷಯದಲ್ಲಿ ಒಂದು ಗಾತ್ರ ದೊಡ್ಡದೆಂದು ಎಣಿಸುವುದರಿಂದ ಅದರ ಎರಡರಷ್ಟು. ಇದನ್ನು ವೇರಿಯಂಟಿಗೂ ಅನ್ವಯಿಸಿದರೆ ಗೆರೆಗಳು 140 ಮತ್ತು 280. 300 ಪೌಂಡ್ ನೀರು ಒಂದೇ ಪ್ರಾಣಿಯ ಮೇಲೆ ಬಿದ್ದರೆ ಅದರ ವೇಗ 40ರಿಂದ 20ಕ್ಕೆ ಇಳಿಯುತ್ತದೆ. ಎರಡು ಹೇಸರಗತ್ತೆ ತೆಗೆದುಕೊಂಡರೆ ಎರಡನೆಯದರ ನೀರೂ ಸೇರಿ 360, ತಲಾ 180. ಆಗ ವೇಗ 30, ಮನುಷ್ಯರ ಜೊತೆ ಸಮನಾಗಿ ನಡೆಯುತ್ತವೆ. ಒಂದಕ್ಕಿಂತ ಎರಡು ಉತ್ತಮ, ಖರ್ಚು 8 ಬಂಗಾರ ಹೆಚ್ಚು, ಚೀಲದ್ದು ಬೇರೆ.

ಆದರೆ ಪಾರ್ಟಿಯಲ್ಲಿ ಕ್ಲೆರಿಕ್ ಇದ್ದಾರೆ ಎಂಬುದನ್ನು ಎಲ್ಲರೂ ಮರೆತಿದ್ದೀರಿ. ನೀರು ಸೃಷ್ಟಿಸುವ ಮಂತ್ರ ಮೊದಲ ಹಂತದ್ದು, ಒಂದು ಸಲಕ್ಕೆ 10 ಗ್ಯಾಲನ್. ನಾಲ್ವರು ಮತ್ತು ಒಂದು ಹೇಸರಗತ್ತೆಯ ಒಂದು ಬಿಸಿಲ ದಿನದ ಅಗತ್ಯವೂ ಸರಿಯಾಗಿ 10 ಗ್ಯಾಲನ್.

ಅಗಸ್ತ್ಯತೀರ್ಥ
ಅಲ್ಲೇ ಪಾತ್ರಿ ಪ್ರಶ್ನಿ ಬರತೈತಿ. ಆ ನೀರು "ತೆರೆದ ಪಾತ್ರೆ"ಯೊಳಗ ಬರಬೇಕು, ಒಂದು ಪಾತ್ರಿಯೊಳಗ. ತೊಗಲಚೀಲದಾಗ ಅರ್ಧ ಗ್ಯಾಲನ್ ಅಷ್ಟೇ ಹಿಡೀತೈತಿ. ಬಕೆಟ್ 3 ಗ್ಯಾಲನ್. ಕಬ್ಬಿಣದ ಗಡಗಿ 1 ಗ್ಯಾಲನ್, ತೂಕ 10 ಪೌಂಡ್. ಹತ್ತೂ ಗ್ಯಾಲನ್ ಹಿಡಿಯೂದು ಮುಚ್ಚಳ ತಗದ ಪೀಪಾಯಿ ಒಂದೇ.

ಕುಂದಾ_ಖಡ್ಗ
ಮಂತ್ರದಾಗ ಮಳಿ ಸುರಸೂ ಆಯ್ಕೆನೂ ಐತಿ. ಬಕೆಟ್, ಚೀಲ ಎಲ್ಲಾ ಹರವಿ ಇಟ್ಟು ಮಳಿ ಹಿಡೀರಿ.

ಅಗಸ್ತ್ಯತೀರ್ಥ
ಲೆಕ್ಕ ಹಾಕ್ರಿ. ಮಳಿ ಬೀಳೂದು 30 ಅಡಿ ಚೌಕದಾಗ. ಸುಮಾರು 38 ಲೀಟರ್ ನೀರು 84 ಚದರ ಮೀಟರಿನ ಮ್ಯಾಲ ಹರವಿದ್ರ ಅರ್ಧ ಮಿಲಿಮೀಟರೂ ಆಗೂದಿಲ್ಲ. ಪಂಜು ಆರಸಾಕ ಸರಿ, ಬಕೆಟ್ ತುಂಬಾಕ ಅಲ್ಲ. ನೆಲದಾಗ ತಗ್ಗು ತೋಡಿ ಎಣ್ಣಿ ಬಟ್ಟಿ ಹಾಸಿದ್ರ ಅದನ್ನ ಪಾತ್ರಿ ಅಂತ ನಾನು ಒಪ್ಪತೀನಿ. ಎರಿಭೂಮಿಯೊಳಗ ಬ್ಯಾಸಗಿಗೆ ಬಿರುಕು ಬಿಟ್ಟಿರ್ತೈತಿ, ಬಟ್ಟಿ ಇಲ್ದಿದ್ರ ನೀರು ಕ್ಷಣದಾಗ ಮಾಯ. ಅಂದ್ರ ಪಾರ್ಟಿ ಊರು ಬಿಡೂ ಮೊದಲೇ ಆ ಬಟ್ಟಿ ಕೊಂಡಿರಬೇಕು, ಕ್ಲೆರಿಕ್ ಮುಂಜಾನೆ ಆ ಮಂತ್ರ ತಯಾರ ಮಾಡಿರಬೇಕು, ಒಂದು ಸ್ಪೆಲ್ ಸ್ಲಾಟ್ (ದಿನಕ್ಕ ಇಷ್ಟೇ ಅಂತ ಇರೂ ಮಂತ್ರದ ಪಾಲು, ತೂಕದ ಸ್ಲಾಟ್ ಅಲ್ಲ) ದಿನಾ ನೀರಿಗೇ ಹೋಗಬೇಕು. ಇದು ನಿಜವಾದ ಬೆಲಿ, ಮಂತ್ರ ಬಂದ್ ಮಾಡೂದು ಬೇಡ.

ಬುರುಜಿನ_ಮ್ಯಾಲ
ವಿಷಯ ಸ್ವಲ್ಪ ಆಚಿ ಕಡೆ. ಚಕ್ಕಡಿ ಮಾತು ಬಂತಲ್ಲ, ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೆ ಈ ನಿಯಮ ಹಚ್ಚಿ ನೋಡ್ರಿ. ತೂಕ ಸುಮಾರು 55 ಟನ್, ಅಂದ್ರ 1,21,000 ಪೌಂಡ್. ಅದನ್ನ ಪರಾಂಡಾ ಕೋಟಿಯಿಂದ ಇಲ್ಲಿಗೆ ತರಾಕ 400 ಎತ್ತು, 10 ಆನಿ, ನೂರಾರು ಮಂದಿ ಬೇಕಾದ್ರು ಅಂತ ಹೇಳ್ತಾರ.

ಆಟದ ನಿಯಮ: ಗಾಡಿಗೆ ಕಟ್ಟಿದ ಪ್ರಾಣಿ ತನ್ನ ಹೊರುವ ಮಿತಿಯ ಐದರಷ್ಟು ಎಳೀತದ, ಗಾಡಿ ತೂಕ ಸೇರಿ. ಆನಿ ಮಿತಿ 1,320, ಎಳೆಯೂದು 6,600. ಹತ್ತು ಆನಿ 66,000. ಎತ್ತನ್ನ ಡ್ರಾಫ್ಟ್ ಕುದುರಿ ಲೆಕ್ಕಕ್ಕ ಹಿಡದ್ರ 540ರ ಐದರಷ್ಟು 2,700. ನಾನೂರು ಎತ್ತು 10,80,000. ಆನಿ, ಎತ್ತು ಎರಡೂ ಸೇರಿ ತೋಪಿನ ತೂಕದ ಒಂಬತ್ತು ಪಟ್ಟಿಗಿಂತ ಜಾಸ್ತಿ ಶಕ್ತಿ ಆತು! ಪುಸ್ತಕದ ಪ್ರಕಾರ 19 ಆನಿ ಇದ್ರ ಸಾಕು, ಎತ್ತೇ ಬೇಡ.

ಘಟಪ್ರಭಾ_ಡಿಎಂ
ಎತ್ತಿಗೆ ಡ್ರಾಫ್ಟ್ ಕುದುರಿ ಅಳತಿ ಕೊಟ್ಟದ್ದು ಉದಾರ ಆತು, ಆದ್ರ ಮಾತು ಸರಿ ಐತಿ. ಆ ಐದರಷ್ಟು ನಿಯಮ ಗಟ್ಟಿ, ಮಟ್ಟಸ ರಸ್ತಾಕ್ಕ ಸರಿ. ಅದರಾಗ ಏರು ಇಲ್ಲ, ಕೆಸರು ಇಲ್ಲ, ಗಾಲಿ ಹುಗಿಯೂದು ಇಲ್ಲ. ನನ್ನ ಟೇಬಲ್‌ನಾಗ ರಸ್ತಾ ಇದ್ರ ಐದು ಪಟ್ಟು, ಒಣ ಹೊಲದಾಗ ಮೂರು, ಮಳಿಯಾದ ಎರಿಯೊಳಗ ಒಂದೇ ಪಟ್ಟು. ಎರಿ ತೊಯ್ದ ಮ್ಯಾಲ ಚಕ್ಕಡಿ ಗಾಲಿಗೆ ಅಂಟಿ ಅಚ್ಚಿನ ತನಕ ಬರತೈತಿ, ಹೇರು ಹೊತ್ತ ಪ್ರಾಣಿ ಹೆಂಗರ ದಾಟತೈತಿ. ಇನ್ನೊಂದು, ನಿಜವಾದ ಹೇಸರಗತ್ತೆಗೆ 420 ಪೌಂಡ್, ಅಂದ್ರ 190 ಕೆಜಿ, ಬಹಳ ಆತು. ದಿನಾ ನಡಿಯೂ ಪ್ರಾಣಿಗೆ ಅದರ ಅರ್ಧಕ್ಕಿಂತ ಕಮ್ಮಿ ಹೇರ್ತಾರ. ಅದಕ್ಕೇ 140ರ ಗೆರಿ ನನಗ ಇಷ್ಟ.

ಕುಂದಾ_ಖಡ್ಗ
ಇಷ್ಟೆಲ್ಲಾ ಯಾಕ್ರಿ, ಒಂದು ಬ್ಯಾಗ್ ಆಫ್ ಹೋಲ್ಡಿಂಗ್ (ಒಳಗ ಬಹಳ ಜಾಗ ಇರೂ ಮಾಯದ ಚೀಲ) ಕೊಟ್ರ ಮುಗೀತು.

ನಿಯಮಪುಸ್ತಕ
ಮುಗಿಯುವುದಿಲ್ಲ. 2014ರ ನಿಯಮದಲ್ಲಿ ಅದರ ಮಿತಿ 500 ಪೌಂಡ್ ಮತ್ತು 64 ಘನ ಅಡಿ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ಚೀಲದ ತೂಕ ಖಾಲಿಯಿರಲಿ ತುಂಬಿರಲಿ 15 ಪೌಂಡ್. ಬಾಯಿ ಅಗಲ ಸುಮಾರು 2 ಅಡಿ, ಆಳ 4 ಅಡಿ. ಭಾರವಾದ ಸಾಮಾನಿಗೆ ತೂಕ ಮೊದಲು ಮುಗಿಯುತ್ತದೆ: ನಾಣ್ಯ 25,000; ಜೋಳವಾದರೆ ಕ್ವಿಂಟಲ್ ಚೀಲ ಎರಡು, ಮೇಲೆ 27 ಕೆಜಿ. 64 ಘನ ಅಡಿ ಜಾಗದಲ್ಲಿ ಒಂದು ಟನ್ನಿಗಿಂತ ಹೆಚ್ಚು ಜೋಳ ಹಿಡಿಯುತ್ತದೆ, ಆದರೆ ತೂಕ ಬಿಡುವುದಿಲ್ಲ. ಹಾಸಿಗೆ, ಡೇರೆಯಂಥ ಹಗುರ ಸಾಮಾನಿಗೆ ಜಾಗ ಮೊದಲು ಮುಗಿಯುತ್ತದೆ. ಸಿಂಹಾಸನ, ದೊಡ್ಡ ವಿಗ್ರಹ ಬಾಯಿಯಲ್ಲೇ ಹೋಗುವುದಿಲ್ಲ.

ಮಿತಿ ಮೀರಿದರೆ, ಚುಚ್ಚಿದರೆ, ಹರಿದರೆ ಚೀಲ ನಾಶವಾಗಿ ಒಳಗಿದ್ದದ್ದೆಲ್ಲ ಆಸ್ಟ್ರಲ್ ಎಂಬ ಬೇರೊಂದು ಲೋಕದಲ್ಲಿ ಚೆದುರುತ್ತದೆ. ಹಾಗಾಗಿ ಬಿಚ್ಚುಗತ್ತಿ, ಬಾಣದ ಕಟ್ಟು ಒಳಗೆ ಎಸೆಯಬಾರದು. ಒರೆಯಲ್ಲಿ ಹಾಕಿ, ಬಟ್ಟೆ ಸುತ್ತಿ ಇಡಬೇಕು. ಒಂದು ವಸ್ತು ತೆಗೆಯಲು ಒಂದು ಆಕ್ಷನ್ (ಜಗಳದಲ್ಲಿ ಒಂದು ಸರದಿಯ ಮುಖ್ಯ ಕೆಲಸ) ಬೇಕು. ಇನ್ನೊಂದು ಮಾಯದ ಚೀಲವಾದ ಹ್ಯಾಂಡಿ ಹ್ಯಾವರ್‌ಸ್ಯಾಕ್ ಒಳಗೆ ಇದನ್ನು ಇಟ್ಟರೆ ಎರಡೂ ನಾಶ, 10 ಅಡಿಯೊಳಗಿದ್ದವರೆಲ್ಲ ಆಸ್ಟ್ರಲ್ ಲೋಕಕ್ಕೆ. ಹ್ಯಾವರ್‌ಸ್ಯಾಕ್ ಹಿಡಿಯುವುದು ಬದಿಯ ಚೀಲಗಳಲ್ಲಿ 20+20, ನಡುವೆ 80, ಒಟ್ಟು 120 ಪೌಂಡ್. ಸ್ವಂತ ತೂಕ 5. ಅದರಲ್ಲಿ ಬೇಕಾದ ವಸ್ತು ಯಾವಾಗಲೂ ಮೇಲೇ ಸಿಗುತ್ತದೆ, ಆದರೂ ಆಕ್ಷನ್ ತಪ್ಪದು.

ತೊರವಿ_ದಾಳ
ಅಂದ್ರ ಸಾದಾ ಬ್ಯಾಕ್‌ಪ್ಯಾಕಿನಿಂದ ಪೋಷನ್ (ಮಾಯದ ಔಷಧಿ) ತಗಿಯಾಕೂ ಆಕ್ಷನ್ ಬೇಕಲ್ಲ?

ಸ್ಲಾಟ್_ಪಕ್ಷ
ಹೌದ್ರಿ, ಬೇಕು.

ನಿಯಮಪುಸ್ತಕ
ಇಲ್ಲ. 2014ರ ಪುಸ್ತಕದಲ್ಲಿ ಟರ್ನಿಗೆ (ಸರದಿಗೆ) ಒಂದು ಸಲ ಉಚಿತವಾಗಿ ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲೇ ಬ್ಯಾಕ್‌ಪ್ಯಾಕಿನಿಂದ ಪೋಷನ್ ತೆಗೆಯುವುದು ಇದೆ. ಕುಡಿಯಲು ಆಕ್ಷನ್. ಅದೇ ಟರ್ನಿನಲ್ಲಿ ಖಡ್ಗವನ್ನೂ ಒರೆಗೆ ಸೇರಿಸಬೇಕೆಂದರೆ ಉಚಿತ ಕೆಲಸ ಮುಗಿದಿರುತ್ತದೆ.

ಸ್ಲಾಟ್_ಪಕ್ಷ
ಪುಸ್ತಕದಾಗ ಹಂಗಿದ್ರೂ ನಾನು ಒಪ್ಪೂದಿಲ್ಲ. ಮಾಯದ ಚೀಲಕ್ಕ ಆಕ್ಷನ್, ಸಾದಾ ಚೀಲಕ್ಕ ಪುಕ್ಕಟ ಅಂದ್ರ ಸೊಂಟದ ಪೌಚ್ ಯಾರು ತೊಗೋತಾರ? ಪೌಚ್ 6 ಪೌಂಡ್ ಅಷ್ಟೇ ಹಿಡೀತೈತಿ. ಪೌಚ್ ಮತ್ತ ಸೊಂಟದ್ದು ಪುಕ್ಕಟ, ಬೆನ್ನಿನ ಚೀಲ ಆಕ್ಷನ್, ಹೇಸರಗತ್ತೆ ಮ್ಯಾಲಿಂದು ಜಗಳದಾಗ ಸಿಗೂದೇ ಇಲ್ಲ. ಆಟ ಸುರು ಆಗೂ ಮೊದಲೇ ಇದನ್ನ ಎಲ್ಲಾರ ಮುಂದ ಹೇಳಿಡಬೇಕು, ನಡುವ ಬದಲಸಬಾರದು.

ಇಳಕಲ್_ದಡಿ
ಈ ಮನಿ ನಿಯಮಕ್ಕ ನನ್ನ ಓಟು.

ಅಗಸ್ತ್ಯತೀರ್ಥ
ಬ್ಯಾರೆ ಆಟದಾವ್ರು ಇದನ್ನ ಹೆಂಗ ಬಿಡಿಸ್ಯಾರ ನೋಡ್ರಿ. ಪಾತ್‌ಫೈಂಡರ್ 2ನೇ ಆವೃತ್ತಿಯೊಳಗ ಬಲ್ಕ್ (ಭಾರದ ಅಳತಿ): 5 + ಸ್ಟ್ರೆಂತ್ ಮಾಡಿಫೈಯರ್ (ಬಲದಿಂದ ದಾಳಕ್ಕ ಕೂಡಸೂ ಅಂಕಿ) ದಾಟಿದ್ರ ಭಾರ, 10 + ಮಾಡಿಫೈಯರ್ ಕೊನಿ ಗೆರಿ. ಹತ್ತು ಹಗುರ ಸಾಮಾನು ಸೇರಿದ್ರ 1 ಬಲ್ಕ್, ಒಂಬತ್ತು ಇದ್ರ ಸೊನ್ನಿ. ಬ್ಯಾಕ್‌ಪ್ಯಾಕ್ 4 ಬಲ್ಕ್ ಹಿಡೀತೈತಿ, ಬೆನ್ನ ಮ್ಯಾಲಿದ್ರ ಮೊದಲ 2 ಬಲ್ಕ್ ಲೆಕ್ಕಕ್ಕಿಲ್ಲ. ಚೀಲಕ್ಕ ಚೀಲದ ಬೆಲಿ ಕೊಟ್ಟ ನಿಯಮ ಅದು. ಶ್ಯಾಡೋಡಾರ್ಕ್‌ನಾಗ ಸ್ಟ್ರೆಂತ್ ಅಥವಾ 10, ಯಾವುದು ದೊಡ್ಡದೋ ಅಷ್ಟು ಸ್ಲಾಟ್. ಬುತ್ತಿ ಮೂರಕ್ಕ ಒಂದು ಸ್ಲಾಟ್, ಪಂಜು ಒಂದಕ್ಕ ಒಂದು. ಕೇರ್ನ್‌ನಾಗ ಎಲ್ಲಾರಿಗೂ ಹತ್ತೇ: ಬೆನ್ನಚೀಲ ಆರು, ಕೈ ಎರಡು, ಮೈ ಎರಡು. ಹತ್ತೂ ತುಂಬಿದ್ರ ಹಿಟ್ ಪ್ರೊಟೆಕ್ಷನ್ (ಪೆಟ್ಟು ತಪ್ಪಿಸೂ ಶಕ್ತಿ) ಸೊನ್ನಿ. ಕೇರ್ನ್ ನಿಯಮ ನನಗ ಎಲ್ಲಾಕಿಂತ ಹಿಡಸತೈತಿ. ಎಲ್ಲಿ ಐತಿ ಅನ್ನೂ ಪ್ರಶ್ನಿಗೆ ಶೀಟಿನಾಗೇ ಉತ್ತರ ಇರ್ತೈತಿ.

ಘಟಪ್ರಭಾ_ಡಿಎಂ
5ನೇ ಆವೃತ್ತಿಗೂ ಅದನ್ನ ತರಬಹುದು. ಎ4 ಹಾಳಿ ನಾಲ್ಕು ತುಂಡು ಮಾಡ್ರಿ. ಒಂದು ಚೀಲಕ್ಕ ಒಂದು ತುಂಡು. ಬ್ಯಾಕ್‌ಪ್ಯಾಕ್ ತುಂಡಿಗೆ ಆರು ಗೆರಿ, ಯಾಕಂದ್ರ 30 ಪೌಂಡ್ ಅಂದ್ರ ಆರು ಸ್ಲಾಟ್. ಗೋಣಿಚೀಲಕ್ಕೂ ಆರು. ಪೌಚಿಗೆ ಒಂದು. ಹೊರಗ ಕಟ್ಟಿದ್ದಕ್ಕ ಹಾಳಿ ಅಂಚಿಗೆ ಬ್ಯಾರೆ ಮೂರು ಗೆರಿ. ಹೇಸರಗತ್ತೆಗೆ ಅರ್ಧ ಹಾಳಿ, ನಡುವ ಗೀಟು, ಎಡ ಬಲ. ಪೆನ್ನು ಬೇಡ, ಪೆನ್ಸಿಲ್. ಪಂಜಿಗೆ ಆರು ಚುಕ್ಕಿ, ಹತ್ತು ನಿಮಿಷಕ್ಕ ಒಂದು ಹೊಡದ್ರ ಒಂದು ತಾಸಿಗೆ ಪಂಜು ಮುಗೀತೈತಿ.

ಚೀಲ ಒಗದ್ರ ಆ ತುಂಡು ಟೇಬಲ್ ನಡುವ ಇಡಬೇಕು. ಕಳುವಾದ್ರ ಡಿಎಂ ಕೈಗೆ ಹೋಗಬೇಕು. "ಆ ಹಗ್ಗ ನನ್ನ ಕಡೆ ಇತ್ತು" ಅನ್ನೂ ವಾದಾನ ಉಳಿಯೂದಿಲ್ಲ. ತಪ್ಪೂದು ಎಲ್ಲಿ ಅಂದ್ರ ಲೂಟಿ ಹಂಚೂವಾಗ: ಎಲ್ಲಾರೂ "ಪಾರ್ಟಿ ಸಾಮಾನು" ಅಂತ ಒಂದು ಹಾಳಿ ಮಾಡತಾರ, ಅದನ್ನ ಯಾರು ಹೊತ್ತಾರ ಗೊತ್ತಿರೂದಿಲ್ಲ. ಆ ಹಾಳಿ ಇರಬಾರದು.

ತೊರವಿ_ದಾಳ
ಹಾಳಿ ತುಂಡು, 5 ಪೌಂಡ್ ಸ್ಲಾಟ್ ಎರಡೂ ತೊಗೋತೀನಿ. ಕೊನಿ ಪ್ರಶ್ನಿ: ಗುಡಿಯೊಳಗ ಹಗ್ಗ ಹಿಡದು 40 ಅಡಿ ಇಳೀಬೇಕು. ಹೇಸರಗತ್ತೆ ಎಲ್ಲಿ ಬಿಡೂದು?

ಇಳಕಲ್_ದಡಿ
ಮ್ಯಾಲೆ ಒಬ್ಬ ಆಳು ಇಡ್ರಿ, ದಿನಕ್ಕ 2 ಬೆಳ್ಳಿ ನಾಣ್ಯ. ಅವನಿಗೂ ದಿನಕ್ಕ 2 ಗ್ಯಾಲನ್ ಬೇಕು, ಮೂರು ದಿನಕ್ಕ ಇನ್ನ 12 ಚೀಲ, 60 ಪೌಂಡ್. ಮತ್ತ ನಾವೆಲ್ಲಾ ಇಲ್ಲಿ ತನಕ ಹೋಗೂ ದಾರಿ ಲೆಕ್ಕ ಅಷ್ಟೇ ಹಾಕೇವಿ, ತಿರುಗಿ ಬರೂ ಮೂರು ದಿನದ ನೀರು? ಕ್ಲೆರಿಕ್ ಒಳಗ ಸತ್ರ ಏನು? ಗುಡಿಯೊಳಗ ನೀರು ಐತೋ ಇಲ್ಲೋ ಅನ್ನೂದನ್ನ ನೀವು ಡಿಎಂ ಆಗಿ ಈಗಲೇ ಗಟ್ಟಿ ಮಾಡ್ರಿ, ಊರಿನಾಗ ಯಾರರ ಒಬ್ಬರಿಗೆ ಅದು ಗೊತ್ತಿರ್ಲಿ, ಕೇಳಿದ್ರ ಹೇಳ್ಲಿ.

ತೊರವಿ_ದಾಳ
ಗುಡಿಯೊಳಗ ಒಂದು ಪುಷ್ಕರಣಿ ಇಡ್ತೀನ್ರಿ, ಮೆಟ್ಟಿಲ ಕೆಳಗ. ಕುರಿ ಕಾಯೂ ಮುದುಕಗ ಗೊತ್ತದ. ಖಾಲಿ ತೊಗಲಚೀಲ ಒಗೀದೆ ವಾಪಸ್ ಇಟ್ಟಕೊಂಡವ್ರಿಗೆ ಅಲ್ಲಿ ತುಂಬಾಕ ಸಿಗ್ತದ.

ಸ್ಲಾಟ್_ಪಕ್ಷ
ಖಾಲಿ ತೊಗಲಚೀಲಕ್ಕ ಹತ್ತಕ್ಕ ಒಂದು ಸ್ಲಾಟ್ ಹಾಕ್ರಿ, ಪುಕ್ಕಟ ಬಿಡಬ್ಯಾಡ್ರಿ. ಇಲ್ದಿದ್ರ ಎಲ್ಲಾರೂ ಅರವತ್ತೂ ಇಟ್ಟಕೊಂಡಿರ್ತಾರ.